ಸದ್ದಿಲ್ಲದ ಪೆಟ್ಟಿಗೆಗೆ ಇಪ್ಪತ್ತೊಂದು ಗಂಟೆ

ನನ್ನ ಗಂಡ ಒಂದು ಕಂಪ್ಯೂಟರ್ ಕಟ್ಟಲು ಐದು ತಿಂಗಳು ತೆಗೆದುಕೊಂಡರು. ಕಟ್ಟಲು ಎಂದೆನಲ್ಲ, ಅದು ಸುಳ್ಳು. ಕಟ್ಟಿದ್ದು ಒಂದೇ ಮಧ್ಯಾಹ್ನ. ಮಿಕ್ಕಿದ್ದೆಲ್ಲ ಪ್ಲಾನು. ನಮ್ಮ ಹೊಳೆನರಸೀಪುರದಲ್ಲಿ ಅಷ್ಟು ಹೊತ್ತಿಗೆ ಜನ ಪಾಯ ತೆಗೆದು, ತಾರಸಿ ಹಾಕಿ, ಗೃಹಪ್ರವೇಶದ ಊಟವನ್ನೂ ಹಾಕಿ ಕೈ ತೊಳೆದುಕೊಂಡಿರುತ್ತಾರೆ. ಇದನ್ನು ನಗುನಗುತ್ತಾ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆಗುವುದಿಲ್ಲ. ಹೇಳಲು ಕೂತರೆ ಮೈ ಉರಿಯುತ್ತದೆ.

ಮೊದಲು ಅವರ ವಿಚಾರ ಹೇಳಿಬಿಡುತ್ತೇನೆ. ಗೊರೂರಿನ ನೀರಾವರಿ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತರಾದವರು. ಕಾಲುವೆ, ತೂಬು, ಮೋರಿ, ಕ್ವಾರ್ಟರ್ಸಿನ ಬಚ್ಚಲು, ಎಲ್ಲಕ್ಕೂ ಮೇಲಿನಿಂದ ನೋಡಿದ ನಕ್ಷೆ ಒಂದು, ಮುಂದಿನಿಂದ ನೋಡಿದ್ದು ಒಂದು, ನಡುವೆ ಸೀಳಿ ನೋಡಿದ್ದು ಒಂದು. ಮನೆಯಲ್ಲಿ ಕ್ಯಾಲೆಂಡರಿಗೆ ಮೊಳೆ ಹೊಡೆಯಬೇಕಾದರೂ ಮೊದಲು ಗೋಡೆಯ ನಕ್ಷೆ ಬರಬೇಕು. ನಕ್ಷೆಯಾದ ಮೇಲೆ ಅಂದಾಜು, ಅಂದಾಜಾದ ಮೇಲೆ ತಿದ್ದಿದ ಅಂದಾಜು. ಅಷ್ಟರಲ್ಲಿ ವರ್ಷ ಮುಗಿದು ಹೊಸ ಕ್ಯಾಲೆಂಡರ್ ಬಂದಿರುತ್ತದೆ. ಒಳ್ಳೆಯ ಮನುಷ್ಯ. ಒಂದು ದಿನ ನನ್ನ ಮೇಲೆ ದನಿ ಎತ್ತಿದವರಲ್ಲ. ದನಿ ಎತ್ತುವ ಕೆಲಸವನ್ನು ನಮ್ಮ ಮನೆಯಲ್ಲಿ ನಾನೊಬ್ಬಳೇ ನೋಡಿಕೊಂಡು ಬಂದಿದ್ದೆ.

ನನ್ನ ಕಸುಬೂ ಅದೇ. ಊರಿನ ಒಂದು ಹೈಸ್ಕೂಲಿನಲ್ಲಿ ಕನ್ನಡದ ಟೀಚರ್. ನನ್ನ ಗಂಟಲಿಗೆ ಯಾವತ್ತೂ ಮೈಕು ಬೇಕಾಗಿರಲಿಲ್ಲ. ಹಳಗನ್ನಡದ ಪದ್ಯ ಓದಲು ಶುರುಮಾಡಿದರೆ ಕೊನೆಯ ಬೆಂಚು ಹಾಗಿರಲಿ, ಕಾಂಪೌಂಡಿನಾಚೆ ಎಳನೀರು ಕೊಚ್ಚುವವನೂ ಮಚ್ಚು ಕೆಳಗಿಟ್ಟು ಕೇಳುತ್ತಿದ್ದ. ಜಂಬ ಅಂತ ಬೇಕಾದರೆ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ಆ ಓದುವ ರೀತಿ ನನ್ನ ಸ್ವಂತದ್ದಲ್ಲ, ನನಗೆ ಪಾಠ ಹೇಳಿದವರ ಬಾಯಿಂದ ಬಂದದ್ದು. ಪದ್ಯದ ಅರ್ಥ ಗೈಡಿನಲ್ಲಿ ಸಿಗುತ್ತದೆ. ಎಲ್ಲಿ ಉಸಿರು ಹಿಡಿಯಬೇಕು, ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ಮೆತ್ತಗಾಗಬೇಕು ಎಂಬುದು ಯಾವ ಗೈಡಿನಲ್ಲೂ ಇಲ್ಲ. ಅದು ಬಾಯಿಂದ ಕಿವಿಗೆ ಹೋಗಬೇಕು, ಬೇರೆ ದಾರಿಯಿಲ್ಲ.

ಆ ವರ್ಷ ಕಾರ್ತಿಕದಲ್ಲಿ ನನ್ನ ಕತ್ತಿನ ಮುಂದೆ ಒಂದು ಗಡ್ಡೆ ಕಾಣಿಸಿಕೊಂಡಿತು. ಹಾಸನದಲ್ಲಿ ಡಾಕ್ಟರು ಸೂಜಿ ಚುಚ್ಚಿ, ಸ್ಕ್ಯಾನು ಮಾಡಿ, ಕೆಟ್ಟದ್ದೇನಲ್ಲ, ಆದರೆ ತೆಗೆಯಲೇಬೇಕು ಎಂದರು. ಮಾರ್ಚಿನ ಪರೀಕ್ಷೆ ಮುಗಿಸಿಕೊಂಡು ಬರಬಹುದು, ಅಷ್ಟು ಸಮಯವಿದೆ ಎಂದೂ ಹೇಳಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ ಇನ್ನೊಂದು ಮಾತು ಹೇಳಿದರು. ಗಡ್ಡೆಯ ಪಕ್ಕದಲ್ಲೇ ದನಿಯ ನರ ಹೋಗುತ್ತದೆಯಂತೆ. ಬಹಳ ಜನಕ್ಕೆ ಏನೂ ಆಗುವುದಿಲ್ಲ, ಕೆಲವರಿಗೆ ದನಿ ಬದಲಾಗುತ್ತದೆ, ಕೆಲವರಿಗೆ ವಾಪಸ್ಸು ಬರುವುದಿಲ್ಲ.

ಬಸ್ಸಿನಲ್ಲಿ ಬರುವಾಗ ನಾನು ಅಳಲಿಲ್ಲ. ಲೆಕ್ಕ ಹಾಕಿದೆ. ಎಂಟು, ಒಂಬತ್ತು, ಹತ್ತು, ಮೂರು ತರಗತಿಗಳ ಎಲ್ಲಾ ಪದ್ಯಗಳು. ದಿನಕ್ಕೆ ಒಂದರಂತೆ ಓದಿ ರೆಕಾರ್ಡ್ ಮಾಡಿಟ್ಟರೆ ಎರಡು ತಿಂಗಳಿನೊಳಗೆ ಮುಗಿಯುತ್ತದೆ. ನರ ಹೋದರೂ ಮಕ್ಕಳಿಗೆ ನನ್ನ ಓದು ಉಳಿಯುತ್ತದೆ. ಇದನ್ನು ಪಕ್ಕದಲ್ಲಿ ಕೂತಿದ್ದ ನನ್ನ ಗಂಡನಿಗೆ ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡರು. ಮೂರನೇ ಸ್ಟಾಪಿನಲ್ಲಿ, "ಮಾಡೋಣ. ಮಾಡೋದಾದ್ರೆ ಸರಿಯಾಗಿ ಮಾಡೋಣ" ಎಂದರು. ನನಗೆ ಆಗಲೇ ಗೊತ್ತಾಗಬೇಕಿತ್ತು.

ಒಳ್ಳೆಯ ಮೈಕು ತರಿಸಿದರು. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ ನನ್ನನ್ನು ಮುಂದೆ ಕೂರಿಸಿ, "ಏನಾದ್ರೂ ಮಾತಾಡು" ಎಂದರು. ಏನು ಮಾತಾಡಲಿ ಅಂದೆ. ಅದನ್ನೇ ತಿರುಗಿ ಹಾಕಿ ಕೇಳಿದರೆ ನನ್ನ ಮಾತಿನ ಹಿಂದೆ ಗುಂಯ್ ಎಂಬ ಒಂದು ಸದ್ದು, ದೂರದಲ್ಲಿ ಭತ್ತದ ಮಿಲ್ಲು ಓಡಿದ ಹಾಗೆ. ಅದು ಕಂಪ್ಯೂಟರಿನ ಹೊಟ್ಟೆಯೊಳಗಿನ ಫ್ಯಾನು. ಅವರು ಹಣೆ ಹಿಡಿದುಕೊಂಡರು. ಅದರ ಮೇಲೆ ಟೇಬಲ್ ಕ್ಲಾತು ಹೊದಿಸಿದರು, ಗೋಡೆಯ ಆಚೆ ಇಟ್ಟು ವೈರು ಎಳೆದರು, ದಿಂಬು ಅಡ್ಡ ಇಟ್ಟರು. ಒಂದೊಂದು ಸಲಕ್ಕೂ ನನ್ನನ್ನು ಕರೆದು ಏನಾದರೂ ಮಾತಾಡು ಎನ್ನುವುದು, ನಾನು ಬಾಯಿಗೆ ಬಂದದ್ದು ಅಂದು ಏಳುವುದು. ಅದಕ್ಕೆಲ್ಲ ಕಚೇರಿಯ ಕಡತದಂತೆ ಅಂಕಿ ಹಾಕಿ ಇಟ್ಟುಕೊಂಡರು: ಟೆಸ್ಟ್ ಒಂದು, ಟೆಸ್ಟ್ ಎರಡು.

ಪದ್ಯವನ್ನೇ ಓದಬಾರದಿತ್ತೇ ಎಂದು ಕೇಳಬಹುದು. ನನಗೂ ಅಹಂಕಾರ ಇತ್ತಲ್ಲ. ಮಿಲ್ಲಿನ ಸದ್ದಿನ ಮೇಲೆ ನಾನು ಓದುವುದಿಲ್ಲ, ಓದುವುದು ಒಂದೇ ಸಲ, ಆಗ ಸರಿಯಾಗಿ ಓದುತ್ತೇನೆ ಎಂದಿದ್ದೆ. ಫೋನಿನಲ್ಲೇ ಮಾಡಿಬಿಡೋಣ ಎಂದು ಒಂದು ದಿನ ಮಾಡಿದೆ ಕೂಡ. ಅದನ್ನು ಅವರು ದೊಡ್ಡ ಸ್ಪೀಕರಿಗೆ ಹಾಕಿ ಕೇಳಿಸಿದರು. ನನ್ನ ದನಿ ತಗಡಿನ ಡಬ್ಬದೊಳಗಿಂದ ಬಂದಂತೆ ಬಂತು. ಅಳಿಸಿ ಎಂದವಳು ನಾನೇ.

ಹೀಗೆ ಸದ್ದೇ ಮಾಡದ ಕಂಪ್ಯೂಟರಿನ ಪ್ಲಾನು ಹುಟ್ಟಿತು. ಹಳೆಯದರ ಮೇಲಿನ ಟೆಸ್ಟುಗಳೂ ನಡುನಡುವೆ ನಡೆದೇ ಇದ್ದವು. ಲ್ಯಾಪ್‌ಟಾಪ್ ತಗೊಂಡರೆ ಮುಗಿಯಿತಲ್ಲ ಅಂದರೆ ಅದರ ಫ್ಯಾನು ಸೊಳ್ಳೆಯ ಹಾಗೆ ಕೀರಲು ಅಂದರು. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ನಾವೇ ಜೋಡಿಸಬೇಕು, ಅತ್ಯುತ್ತಮದ್ದೇ ಆಗಬೇಕು, ಮುಂದೆ ಇಪ್ಪತ್ತು ವರ್ಷ ಕೈ ಹಾಕುವ ಹಾಗಿರಬಾರದು. ಒಳಗೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಇರಬಾರದು. ಕಂಪ್ಯೂಟರಿನ ತಲೆಯ ಬಿಸಿ ಇಳಿಸಲು ಫ್ಯಾನಿನ ಬದಲು ಇಟ್ಟಿಗೆ ಗಾತ್ರದ ಲೋಹದ ರೆಕ್ಕೆಗಳು. ಕರೆಂಟು ಕೊಡುವ ಡಬ್ಬ ಕೂಡ ತೀರಾ ಬಿಸಿಯಾಗುವವರೆಗೆ ತನ್ನ ಫ್ಯಾನು ತಿರುಗಿಸಬಾರದು. ಇಡೀ ಪೆಟ್ಟಿಗೆಗೆ ಒಂದೇ ಒಂದು ದೊಡ್ಡ ಫ್ಯಾನು, ಅದೂ ದೇವಸ್ಥಾನದ ಆನೆ ಕಿವಿ ಆಡಿಸಿದಷ್ಟು ನಿಧಾನ. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕದಲ್ಲಿ ಆ ಪಟ್ಟಿ. ಹುಳಿ ಬಿದ್ದು ಪಟ್ಟಿ ಒದ್ದೆಯಾದರೆ ಮತ್ತೆ ಮೊದಲಿಂದ ನೀಟಾಗಿ ಬರೆಯುವುದು.

ಹಾಸನದ ಕಂಪ್ಯೂಟರ್ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯವರು ಒಳ್ಳೆಯವರೇ. ಗಾಜಿನ ಪೆಟ್ಟಿಗೆಗಳನ್ನು ತೋರಿಸಿದರು, ಒಳಗೆಲ್ಲ ಕೆಂಪು ಹಸಿರು ನೀಲಿ ದೀಪ ಓಡಾಡುವಂಥವು. ನಮ್ಮವರಿಗೆ ಅದು ಆರ್ಕೆಸ್ಟ್ರಾ ಸ್ಟೇಜಿನ ಹಾಗೆ ಕಂಡಿತು. ದೀಪ ಬೇಡ, ಗಾಜು ಬೇಡ, ಸದ್ದು ಬೇಡ ಎಂದರು. ಅಂಗಡಿಯವರು ಸ್ವಲ್ಪ ಹೊತ್ತು ನೋಡಿ, "ಲೈಟೂ ಇಲ್ಲ, ಸೌಂಡೂ ಇಲ್ಲ ಅಂದ್ರೆ, ಆನ್ ಆಗೈತೋ ಇಲ್ವೋ ಅಂತ ಎಂಗ್ ಗೊತ್ತಾಗ್ಬೇಕು ಸಾ?" ಎಂದು ಕೇಳಿದರು. ನನಗೆ ಅದು ನ್ಯಾಯವಾದ ಪ್ರಶ್ನೆ ಅನ್ನಿಸಿತು. ಇವರು ಪಟ್ಟಿ ಕೊಟ್ಟು, ಒಂದೊಂದನ್ನೂ ತರಿಸಿಕೊಡಿ ಎಂದು ಹೇಳಿ ಬಂದರು. ಆಮೇಲೆ ವಾರಕ್ಕೊಮ್ಮೆ ಪಟ್ಟಿ ಬದಲಾಯಿಸಿದರು. ಇದಕ್ಕಿಂತ ಅದು ತಣ್ಣಗಂತೆ, ಅದಕ್ಕಿಂತ ಇನ್ನೊಂದು ತಣ್ಣಗಂತೆ. ತಿದ್ದಿದ ಅಂದಾಜು ಒಂದು, ತಿದ್ದಿದ ಅಂದಾಜು ಎರಡು. ಡಿಸೆಂಬರ್ ಹೋಯಿತು.

ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಪೆಟ್ಟಿಗೆಯ ಮೊದಲ ನಕ್ಷೆ ತೋರಿಸಿದಾಗ, ಇದೇನ್ರೀ ಸೊಸೈಟಿಯ ತಿಜೋರಿ ಇದ್ದ ಹಾಗಿದೆ, ನನ್ನ ಪುಸ್ತಕದ ಬೀರುವಿನ ಪಕ್ಕ ಇದನ್ನು ಇಡಲು ಬಿಡೋದಿಲ್ಲ ಎಂದುಬಿಟ್ಟೆ. ಹಲಸಿನ ಮರದಲ್ಲಿ ಮಾಡಿಸಿ, ಆ ಹಳದಿ ಬಣ್ಣ ಚೆನ್ನ, ಕಾಲು ಕೊಡಿಸಿ, ಮುಂದೆ ಪುಟ್ಟ ಬಾಗಿಲು ಇರಲಿ ಎಂದೆಲ್ಲ ಹೇಳಿದೆ. ಅವರಿಗೆ ಅಷ್ಟು ಸಾಕಾಯಿತು. ಹತ್ತು ದಿನ ಮೇಜಿನ ಮೇಲೆ ಬಗ್ಗಿ, ಇಂಕಿನಲ್ಲಿ, ಮೂರು ಕಡೆಯಿಂದ ನೋಡಿದ ನಕ್ಷೆ ಬರೆದರು. ಹಲಗೆಗೆ ಒಳಗಡೆ ಸದ್ದು ಹೀರುವ ಪದರ, ಸಂದಿಗೆಲ್ಲ ರಬ್ಬರು. ಗಾಳಿ ಹೋಗಲು ಬಾಗಿಲ ಮೇಲ್ಗಡೆ ಸಾಲಾಗಿ ಇಪ್ಪತ್ತೊಂದು ತೂತು. ಅದು ಯಾಕೆ ಇಪ್ಪತ್ತೊಂದು ಎಂಬುದಕ್ಕೆ ಎರಡು ಪುಟ ಲೆಕ್ಕ. ನಿಜ ಹೇಳಬೇಕೆಂದರೆ ನಕ್ಷೆ ನೋಡಲು ಬಹಳ ಚೆನ್ನಾಗಿತ್ತು. ಸಂಕ್ರಾಂತಿಗೆ ಮುಂಚೆ ಅದನ್ನು ಅರಕಲಗೂಡಿನ ಒಬ್ಬ ಮರಗೆಲಸದವರಿಗೆ ಕೊಟ್ಟರು. ಸುತ್ತಮುತ್ತ ಅವರಷ್ಟು ಸಂದಿ ಕೂಡಿಸುವವರು ಇಲ್ಲವೆಂದು ಎಲ್ಲರೂ ಹೇಳಿದ್ದರು.

ಮರದ ಕೆಲಸ ನಡೆಯುತ್ತಿರುವಾಗ ಆ ಆನೆಕಿವಿ ಫ್ಯಾನಿನ ಗಲಾಟೆ. ಹಾಸನದ ಅಂಗಡಿಯಲ್ಲಿ ಸಿಗಲಿಲ್ಲ. ಬೆಂಗಳೂರಿನ ಅಂಗಡಿಯವನೊಬ್ಬ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ, ಚನ್ನರಾಯಪಟ್ಟಣದಲ್ಲಿ ಇಸ್ಕೊಳ್ಳಿ ಎಂದ. ಕೊರಿಯರ್ ಹಾಕಿದರೆ ಎಸೆದು ಬೇರಿಂಗು ಕೆಡಿಸುತ್ತಾರೆಂದು ನಮ್ಮವರೇ ಹೀಗೆ ಏರ್ಪಾಡು ಮಾಡಿಸಿದ್ದು. ಫೆಬ್ರುವರಿಯ ಒಂದು ಭಾನುವಾರ ನಾವಿಬ್ಬರೂ ಹೈವೇ ಪಕ್ಕ ತೆಂಗಿನಕಾಯಿ ಲಾರಿಗಳ ಧೂಳು ಕುಡಿಯುತ್ತಾ ನಿಂತೆವು. ಹನ್ನೊಂದಕ್ಕೆ ಬರಬೇಕಾದ ಬಸ್ಸು ಹನ್ನೆರಡೂವರೆಗೂ ಇಲ್ಲ. ನಾನು ಅವರಿಗೆ ನನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದೆ. ಪಕ್ಕದಲ್ಲಿ ಎಳನೀರು ಮಾರುವ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಕೇಳಿಸಿಕೊಂಡಳು. ಅಷ್ಟರಲ್ಲಿ ಬಸ್ಸು ಬಂತು, ನಿಲ್ಲಲಿಲ್ಲ, ಮುಂದಕ್ಕೆ ಹೋಗೇಬಿಟ್ಟಿತು. ಇವರು ಕೈ ಎತ್ತಿಕೊಂಡು ನಿಂತೇ ಇದ್ದರು. ನಿಲ್ಲಿಸೀ ಎಂದು ನಾನು ಕೂಗಿದೆ.

ಅರ್ಧ ಮಾತ್ರ ಬಂತು. "ನಿಲ್" ಎನ್ನುವಷ್ಟರಲ್ಲಿ ದನಿ ಹರಿದು, ಮಿಕ್ಕಿದ್ದು ಗಾಳಿಯಾಯಿತು. ಎಳನೀರಿನವಳು ನಗು ನಿಲ್ಲಿಸಿ ಒಂದು ಕಾಯಿ ಕೊಚ್ಚಿ ಕೈಗೆ ಕೊಟ್ಟಳು. ಕುಡಿದ ಮೇಲೆ ದನಿ ಬಂತು, ಆದರೆ ಅಂಚು ಸವೆದಿತ್ತು. ಪಾಠ ಹೇಳಿದ ಇಪ್ಪತ್ತಾರು ವರ್ಷದಲ್ಲಿ ನನ್ನ ಗಂಟಲು ನನಗೆ ಹಾಗೆ ಮಾಡಿರಲಿಲ್ಲ. ಹೆದರಿಕೆಯಾಯಿತು. ಪಾರ್ಸೆಲ್ಲು ಹಾಸನ ನೋಡಿಕೊಂಡು ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು ಬಂತು.

ಅವತ್ತಿನಿಂದ ದಿನಾ ಕೇಳತೊಡಗಿದೆ, ಪೆಟ್ಟಿಗೆ ಎಲ್ಲಿಗೆ ಬಂತು, ಪೆಟ್ಟಿಗೆ ಎಲ್ಲಿಗೆ ಬಂತು. ಅವರು ಅರಕಲಗೂಡಿಗೆ ದಿನಾ ಫೋನು ಮಾಡತೊಡಗಿದರು. ಪಾಲಿಶ್ ಒಣಗ್ತಾ ಐತೆ ಸಾ, ನಾಳೆ ಕಣ್ ಸಾ ಎಂದು ಆ ಕಡೆಯಿಂದ ಉತ್ತರ. ಕೊನೆಗೆ ಫೆಬ್ರುವರಿ ತಿಂಗಳ ಕಡೆಯಲ್ಲಿ ಮರಗೆಲಸದವರೇ ಒಂದು ಗೂಡ್ಸ್ ಆಟೋದಲ್ಲಿ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ತಂದರು. ಚಪ್ಪಲಿ ಹೊರಗೆ ಬಿಟ್ಟು, ಪೂರ್ವ ಯಾವ ಕಡೆ ಎಂದು ಕೇಳಿ, ಆ ಕಡೆಗೆ ಮುಖ ಮಾಡಿ ಹಾಲಿನಲ್ಲಿ ಇಳಿಸಿದರು. ಇಳಿಸುವಾಗಲೇ ಒಳಗಿಂದ ಘಲ್ ಎಂದಿತು.

ಸೀರೆ ತೆಗೆದರು. ಹಲಸಿನ ಮರ ಜೇನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಒಂದು ಸಂದಿಯಲ್ಲೂ ಉಗುರು ಹೋಗುವ ಹಾಗಿರಲಿಲ್ಲ. ಮೇಲೆ ಕಮಲದ ದಳ ಕೆತ್ತಿದ್ದರು, ಅದು ನಕ್ಷೆಯಲ್ಲಿರಲಿಲ್ಲ. ಎರಡು ಪುಟ್ಟ ಬಾಗಿಲು. ಬಾಗಿಲ ಮೇಲ್ಗಡೆ, ಗಾಳಿಯ ತೂತು ಇರಬೇಕಾದ ಜಾಗದಲ್ಲಿ, ಒಂದರ ಪಕ್ಕ ಒಂದರಂತೆ ಇಪ್ಪತ್ತೊಂದು ಹಿತ್ತಾಳೆ ಗಂಟೆಗಳು. ತೂತು ಒಂದೂ ಇಲ್ಲ.

ನನ್ನ ಗಂಡ ಬಾಗಿಲು ಮುಟ್ಟಿದರು. ಇಪ್ಪತ್ತೊಂದೂ ಒಟ್ಟಿಗೆ ಬಾರಿಸಿದವು. ಸದ್ದಿಲ್ಲದ ಕಂಪ್ಯೂಟರಿನ ಪೆಟ್ಟಿಗೆ ಅದು. ಅವರು ಕುರ್ಚಿಯಲ್ಲಿ ಕೂತುಬಿಟ್ಟರು.

ಮರಗೆಲಸದವರಿಗೆ ಏನು ತಪ್ಪಾಯಿತೆಂದೇ ತಿಳಿಯಲಿಲ್ಲ. ಅವರು ನಕ್ಷೆ ಬಿಚ್ಚಿ ಬೆರಳಿಟ್ಟು ತೋರಿಸಿದರು. "ಸಾಲಾಗಿ ಗುಂಡ್‌ಗುಂಡಗೆ ಇಪ್ಪತ್ತೊಂದು ಬರ್ದಿದ್ದೀರಲ್ಲ ಸಾ. ಒಂದೊಂದ್ರಾಗೂ ನಾಲ್ಗೆ ಬೇರೆ ಬರ್ದಿದ್ದೀರಿ. ಗಂಟೆ ಅಲ್ದೆ ಇನ್ನೇನು?" ನಾಲಿಗೆಯೆಂದರೆ ಇವರು ಪ್ರತಿ ತೂತಿನ ನಡುವೆ ಅಭ್ಯಾಸ ಬಲದಿಂದ ಎಳೆದಿದ್ದ ಸಣ್ಣ ಗೆರೆ, ನಡುಮಧ್ಯ ತೋರಿಸಲು ನಕ್ಷೆಯವರು ಹಾಕುವಂಥದ್ದು. ಆ ಮನುಷ್ಯ ಜೀವಮಾನವೆಲ್ಲ ಮಾಡಿದ್ದು ದೇವರ ಮಂಟಪಗಳನ್ನೇ. ಪುಟ್ಟ ಬಾಗಿಲು, ಕಾಲು, ಹಲಸಿನ ಮರ, ಮೇಲೆ ಸಾಲು ಗುಂಡು. ಇನ್ನೇನೆಂದು ತಿಳಿಯಬೇಕು ಪಾಪ. ಕಂಪ್ಯೂಟರಿಗೆ ಎಂದು ಇವರು ಹೇಳಿದ್ದರಂತೆ, ಅವರು ಅದನ್ನು ಕಂಪ್ಯೂಟರ್ ರೂಮಿನಲ್ಲಿಡುವ ದೇವರಿಗೆ ಎಂದುಕೊಂಡರಂತೆ. ಈಗ ಅಂಗಡಿಗಳಲ್ಲೆಲ್ಲ ಇಡುತ್ತಾರಲ್ಲ ಎಂದರು.

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಅದು ಅಳುವಾಯಿತು. ಕೂಡಿಸಿದ ಹಲಗೆಯನ್ನು ಬಿಚ್ಚಿ, ತೂತು ಕೊರೆದು, ಪದರ ಅಂಟಿಸಿ, ಮತ್ತೆ ಪಾಲಿಶ್ ಮಾಡಲು ಮೂರು ವಾರ ಬೇಕೆಂದರು. ನಡುವೆ ಶಿವರಾತ್ರಿಗೆ ಒಂದು ದೇವಸ್ಥಾನದ ಬಾಗಿಲ ಕೆಲಸ ಒಪ್ಪಿಕೊಂಡಿದ್ದರು, ಅದು ಬೇರೆ. ಗಂಟೆಗಳನ್ನು ಕಿತ್ತು ದಾರಕ್ಕೆ ಪೋಣಿಸಿ ನನ್ನ ಕೈಗೆ ಕೊಟ್ಟರು. ದೇವರಿಗೆಂದು ತಂದದ್ದನ್ನು ಅವರು ವಾಪಸ್ಸು ತೆಗೆದುಕೊಳ್ಳುವುದಿಲ್ಲವಂತೆ. ಪೆಟ್ಟಿಗೆ ಮತ್ತೆ ಸೀರೆ ಸುತ್ತಿಕೊಂಡು ಅರಕಲಗೂಡಿಗೆ ಹೋಯಿತು.

ಮೂರು ವಾರ ನನಗೆ ಸಿಗಲಿಲ್ಲ. ಮಾರ್ಚ್ ಮೊದಲಿಗೆ ತರಗತಿಯಲ್ಲಿ ಒಂದು ಪದ್ಯದ ನಡುವೆ ದನಿ ಮತ್ತೆ ಹರಿಯಿತು, ಈ ಸಲ ನೀರು ಕುಡಿದರೂ ನೆಟ್ಟಗಾಗಲಿಲ್ಲ. ಹಾಸನಕ್ಕೆ ಹೋದೆವು. ಗಡ್ಡೆ ಬೆಳೆದು ಒತ್ತುತ್ತಿದೆ, ಪರೀಕ್ಷೆ ಗಿರೀಕ್ಷೆ ಎಂದು ಕಾಯುವ ಹಾಗಿಲ್ಲ, ಇವತ್ತೇ ಸೇರಿಕೊಳ್ಳಿ, ನಾಳೆ ಬೆಳಿಗ್ಗೆ ಮಾಡಿಬಿಡೋಣ ಎಂದರು ಡಾಕ್ಟರು.

ಮಧ್ಯಾಹ್ನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆವು. ಅವರು ಜೇಬಿನಿಂದ ಫೋನು ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದರು. "ಇದ್ರಲ್ಲೇ ಓದು. ಒಂದೇ ಒಂದು ಓದು ಸಾಕು" ಎಂದರು. ನಾನು ಫೋನನ್ನು ನೋಡಿದೆ. ಇಷ್ಟು ತಿಂಗಳು ಈ ಫೋನು ಎಲ್ಲಿ ಹೋಗಿತ್ತು? ಆಗ ತಗಡಿನ ಡಬ್ಬ, ಈಗ ಇದೇ ಸಾಕೋ? ನನಗೆ ಎಷ್ಟು ಕೋಪ ಬಂದಿತ್ತೆಂದರೆ, ಹರಿದ ಗಂಟಲಿನಲ್ಲಿಯಾದರೂ ಓದಬಹುದಿತ್ತು, ಓದಲಿಲ್ಲ. ತುಟಿ ಬಿಗಿದು ಮುಖ ತಿರುಗಿಸಿದೆ. ಅವರು ಇನ್ನೊಂದು ಸಲ ಕೇಳಲಿಲ್ಲ. ಫೋನನ್ನು ನಿಧಾನವಾಗಿ ಜೇಬಿಗೆ ಇಟ್ಟುಕೊಂಡರು. ಆ ಹಟಕ್ಕೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ. ಅವರನ್ನೂ ಕ್ಷಮಿಸಿಲ್ಲ, ಸುಳ್ಳು ಯಾಕೆ.

ಗಡ್ಡೆ ಹೋಯಿತು. ದನಿಯೂ ಹೋಯಿತು. ಎಚ್ಚರವಾದ ಮೇಲೆ ನೀರು ಎಂದು ಕೇಳಿದೆ, ಬರೀ ಉಸಿರು ಬಂತು. ನರ ಕತ್ತರಿಸಿಲ್ಲ, ನೊಂದಿದೆ, ಆರು ತಿಂಗಳಿರಬಹುದು, ವರ್ಷವಿರಬಹುದು, ಬಂದರೂ ಮೊದಲಿನಂತೆ ಇರಲಾರದು ಎಂದರು. ಮನೆಗೆ ಬಂದ ಮೇಲೆ ಅಡುಗೆಮನೆಯಿಂದ ಕೂಗುವುದಕ್ಕೂ ಆಗುತ್ತಿರಲಿಲ್ಲ. ತಟ್ಟೆ ಬಡಿದು ನೋಡಿದೆ, ಚಪ್ಪಾಳೆ ತಟ್ಟಿ ನೋಡಿದೆ. ಕೊನೆಗೆ ಆ ಇಪ್ಪತ್ತೊಂದು ಗಂಟೆಯ ಸರವನ್ನು ಒಲೆಯ ಪಕ್ಕದ ಮೊಳೆಗೆ ನೇತುಹಾಕಿಕೊಂಡೆ. ಎಳೆದರೆ ಅವರು ಎಲ್ಲಿದ್ದರೂ ಓಡಿ ಬರುತ್ತಿದ್ದರು. ಬಂದು ನಿಂತವರ ಮುಖ ನೋಡಿದರೆ ಇನ್ನಷ್ಟು ಸಿಟ್ಟು ಬರುತ್ತಿತ್ತು, ಬೈಯಲು ಮಾತ್ರ ಆಗುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಪೆಟ್ಟಿಗೆ ಬಂತು. ಈ ಸಲ ತೂತುಗಳೊಂದಿಗೆ. ಹಾಸನದ ಅಂಗಡಿಯವರೇ ಬಿಡಿಭಾಗಗಳನ್ನೆಲ್ಲ ಹೊತ್ತುಕೊಂಡು ಮನೆಗೆ ಬಂದು, ಒಂದು ಮಧ್ಯಾಹ್ನ ಇಬ್ಬರೂ ಕೂತು ಜೋಡಿಸಿದರು. ಗುಂಡಿ ಒತ್ತಿದಾಗ ಪರದೆ ಬೆಳಗಿತು, ಸದ್ದು ಎಂಬುದೇ ಇಲ್ಲ. ಅಂಗಡಿಯವರು ಪೆಟ್ಟಿಗೆಗೆ ಕಿವಿಯಿಟ್ಟು, ಕೈಯಿಟ್ಟು, ಮತ್ತೆ ಕಿವಿಯಿಟ್ಟು ನೋಡಿದರು. ತಮ್ಮ ಕಸುಬಿನಲ್ಲಿ ಇಷ್ಟು ಚೆಂದದ್ದು ನೋಡಿಲ್ಲ ಎಂದರು. ನಿಜವೇ. ಪುಸ್ತಕದ ಬೀರುವಿನ ಪಕ್ಕ ಅದು ಯಾವ ಕಾಲದಿಂದಲೋ ಅಲ್ಲೇ ಇದ್ದಂತೆ ಕಾಣುತ್ತಿತ್ತು. ನಾನು ಕಾಫಿ ತಂದು ಕೊಟ್ಟೆ.

ಕಾಫಿ ಕುಡಿಯುತ್ತಾ ಅಂಗಡಿಯವರು, ಇಷ್ಟೆಲ್ಲ ಯಾತಕ್ಕೆ ಮಾಡಿಸಿದಿರಿ ಎಂದು ಕೇಳಿದರು. ಆ ಮಾತು ಅಷ್ಟು ದಿನ ಬಂದೇ ಇರಲಿಲ್ಲ. ರೆಕಾರ್ಡಿಂಗಿನಲ್ಲಿ ಫ್ಯಾನಿನ ಸದ್ದು ಬರಬಾರದೆಂದು ಎಂದರು ನನ್ನ ಗಂಡ. ಅಂಗಡಿಯವರು ಲೋಟ ಕೆಳಗಿಟ್ಟರು.

"ಅಷ್ಟೇನಾ ಸಾ? ಫ್ಯಾನ್ ಸೌಂಡ್ ತೆಗ್ಯಕ್ಕೆ ಸಾಫ್ಟ್‌ವೇರ್ ಐತಲ್ಲ. ರೆಕಾರ್ಡ್ ಆದ್ಮೇಲೆ ಎರಡು ಸಲ ಒತ್ತುದ್ರೆ ಒಂಟೋಯ್ತದೆ. ಅಳೇ ಕಂಪ್ಯೂಟ್ರಲ್ಲೇ ಆಗಿರೋದು."

ನನ್ನ ಗಂಡ ಕಂಪ್ಯೂಟರಿನ ಕಡೆ ತಿರುಗಿದರು. ಅದಂತೂ ಮೊದಲೇ ಮಾತಾಡುತ್ತಿರಲಿಲ್ಲ. ನಾನು ಬಾಯಿ ತೆರೆದೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಬೈಯದೆ ಉಳಿಸಿದ್ದೆಲ್ಲ ಗಂಟಲಿಗೆ ನುಗ್ಗಿತು. ಹೊರಗೆ ಬಂದದ್ದು ಹಿಡಿಯಷ್ಟು ಗಾಳಿ. ಕಾಫಿಯ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದೆ.

ಆಮೇಲೆ ಎರಡು ವಾರ ಗಂಟೆಯಲ್ಲೇ ಸಂಸಾರ ನಡೆಯಿತು. ಒಂದು ಸಲ ಎಳೆದರೆ ಊಟ, ಎರಡು ಸಲ ಎಳೆದರೆ ಬಾಗಿಲಲ್ಲಿ ಯಾರೋ ಬಂದಿದ್ದಾರೆ. ಅವರ ಮುಖವನ್ನು ನೇರ ನೋಡುತ್ತಿರಲಿಲ್ಲ. ಆ ಹೊಸ ಕಂಪ್ಯೂಟರಿನ ಹತ್ತಿರವೂ ಸುಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಗಂಟೆ ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ, ಸರವನ್ನೇ ಮೊಳೆಯಿಂದ ಕಿತ್ತು ಜೋರಾಗಿ ಆಡಿಸಿದೆ. ಬರಲಿಲ್ಲ. ಸರ ಹಿಡಿದುಕೊಂಡೇ ಹಾಲಿಗೆ ನುಗ್ಗಿದೆ. ಅವರು ನನಗೆ ಬೆನ್ನು ಮಾಡಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಕಿವಿಯ ಮೇಲೆ ದೊಡ್ಡ ಹೆಡ್‌ಫೋನು. ನನಗೆ ರೇಗಿಹೋಯಿತು. ಇಲ್ಲಿ ನಾನು ಮೂಕಿಯಾಗಿ ಗಂಟೆ ಬಾರಿಸುತ್ತಿದ್ದೇನೆ, ಇವರು ಹಾಡು ಕೇಳುತ್ತಾ ಕೂತಿದ್ದಾರೆ. ಹೆಡ್‌ಫೋನನ್ನು ಹಿಂದಿನಿಂದ ಎಳೆದುಕೊಂಡು ಕಿವಿಗಿಟ್ಟೆ, ಯಾವ ಹಾಡೆಂದು ನೋಡೋಣ ಎಂದು.

"ಎಷ್ಟು ಸಲ ಹೇಳಬೇಕು ರೀ ನಿಮಗೆ? ದಿಂಬು ಅಡ್ಡ ಇಟ್ಟರೆ ಫ್ಯಾನು ನಿಲ್ಲುತ್ತಾ? ನಿಮ್ಮ ಈ ಪೆಟ್ಟಿಗೆ ಮುಗಿಯೋ ಹೊತ್ತಿಗೆ ನನ್ನ ಗಂಟಲು ಮುಗಿದಿರುತ್ತೆ, ನೋಡ್ತಾ ಇರಿ."

ನನ್ನ ದನಿ. ಅಂಚು ಸವೆಯದ, ಕಾಂಪೌಂಡು ದಾಟುವ ನನ್ನ ದನಿ. ನಾನು ಯಾವ ಮಾತಿನಲ್ಲಿ ಬೈಯಬೇಕೆಂದು ಬಂದಿದ್ದೆನೋ ಅದು ಅವರ ಕಿವಿಯಲ್ಲಿ ಆಗಲೇ ಓಡುತ್ತಿತ್ತು.

ಪರದೆಯ ಮೇಲೆ ಪಟ್ಟಿಯಿತ್ತು. ಟೆಸ್ಟ್ ಒಂದರಿಂದ ನಲವತ್ತಾರರವರೆಗೆ. ನಾನು ಸ್ಟೂಲು ಎಳೆದುಕೊಂಡು ಕೂತೆ. ಅವರು ಒಂದೊಂದಾಗಿ ಹಾಕಿದರು. ಹೆಚ್ಚುಕಡಿಮೆ ಎಲ್ಲದರಲ್ಲೂ ಬೈಗುಳ. ಟೇಬಲ್ ಕ್ಲಾತಿಗೆ ಬೈಗುಳ, ವೈರಿಗೆ ಬೈಗುಳ, ತಿದ್ದಿದ ಅಂದಾಜಿಗೆ ಬೈಗುಳ, ಹುಳಿ ಆರಿಹೋದದ್ದಕ್ಕೆ ಬೈಗುಳ. ಮಕ್ಕಳಿಗೆ ಬಿಟ್ಟುಹೋಗಬೇಕೆಂದು ನಾನು ಲೆಕ್ಕ ಹಾಕಿದ್ದೇನು, ಉಳಿದಿರುವುದೇನು. ಹನ್ನೊಂದನೆಯದು ಮಾತ್ರ ಬೇರೆ. ಅವತ್ತು ನನಗೆ ಏನು ಮನಸ್ಸು ಬಂದಿತ್ತೋ, ಹತ್ತನೇ ತರಗತಿಯ ಪದ್ಯ ಒಂದನ್ನು ಎತ್ತಿಕೊಂಡಿದ್ದೆ. ಒಂದೂವರೆ ಸಾಲು. ಎರಡನೇ ಸಾಲಿನ ನಡುವೆ, ಎಲ್ಲಿ ಉಸಿರು ಹಿಡಿಯಬೇಕೋ ಸರಿಯಾಗಿ ಅಲ್ಲಿ ಕುಕ್ಕರು ಕೂಗಿತು. ಅಯ್ಯೋ ಬೇಳೆ ಎಂದು ನಾನು ಎದ್ದು ಓಡಿದ್ದೂ ಅದರಲ್ಲಿತ್ತು. ಹಿಂದೆಲ್ಲ ಆ ಹಳೆಯ ಫ್ಯಾನು, ಗುಂಯ್ ಎಂದು.

ಮೂರು ಸಲ ಹಾಕಿಸಿಕೊಂಡು ಕೇಳಿದೆ. ಅವರು ನನ್ನ ಕಡೆ ನೋಡದೆ, ಮೌಸನ್ನು ಎಲ್ಲಿಗೋ ತಂದು ನಿಲ್ಲಿಸಿದರು. ಅಂಗಡಿಯವರು ಹೇಳಿದ ಸಾಫ್ಟ್‌ವೇರನ್ನು ಹಾಕಿಸಿಕೊಂಡಿದ್ದರು. "ಆ ಸದ್ದು ತೆಗೆದುಬಿಡ್ಲಾ? ಎರಡು ಸಲ ಒತ್ತಿದ್ರೆ ಆಯ್ತು" ಎಂದರು.

ನಾನು ಅವರ ಕೈಯ ಮೇಲೆ ಕೈ ಇಟ್ಟೆ. ಆ ಗುಂಯ್ ಸದ್ದು ಇದ್ದಾಗ ನನಗೆ ದನಿ ಇತ್ತು. ಅದರ ಎಳೆ ಹಿಡಿದು ಎಳೆದರೆ ನನ್ನದೂ ಒಂದೆರಡು ಎಳೆ ಬಿಚ್ಚಿಕೊಂಡು ಹೋದರೆ ಏನು ಮಾಡಲಿ?

"ಮುಟ್ಬೇಡಿ" ಎಂದು ಉಸಿರಿನಲ್ಲೇ ಹೇಳಿದೆ. ಎರಡು ಸಲ ಹೇಳಬೇಕಾಯಿತು, ಮೊದಲನೆಯದು ಹೊರಗೆ ಬರಲಿಲ್ಲ. ಅವರು ಮೌಸಿನಿಂದ ಕೈ ತೆಗೆದರು.